ಬಾಟಲಿಗಿಂತ ಮೊದಲು ನಲ್ಲಿ

ಗಾಯವಾಯಿತೆಂದರೆ ಮನೆಮಂದಿಯ ಕೈ ಮೊದಲು ಹೋಗುವುದು ಔಷಧಿ ಬಾಟಲಿಗೆ. ಡ್ರೆಸಿಂಗ್ ಕೋಣೆಯಲ್ಲಿ ದಿನವಿಡೀ ಇದೇ ಕೆಲಸ ಮಾಡುವ ನಮ್ಮ ಕೈ ಹೋಗುವುದು ನೀರಿಗೆ. ಚರ್ಮದ ಗಾಯ ನಂಜಾಗುವುದು ಬಹುತೇಕ ಒಳಗೇ ಉಳಿದುಬಿಟ್ಟ ಮಣ್ಣು, ಬಟ್ಟೆಯ ಎಳೆ, ಸತ್ತ ಚರ್ಮದ ಚೂರು, ಹೆಪ್ಪುಗಟ್ಟಿದ ರಕ್ತ ಇಂಥವುಗಳಿಂದ. ಕ್ರಿಮಿಗಳು ಮನೆಮಾಡುವುದು ಅವುಗಳ ಸಂದಿಯಲ್ಲೇ. ಮೇಲಿಂದ ಸುರಿದ ಔಷಧಿ ಆ ಸಂದಿಗೆ ಇಳಿಯುವುದಿಲ್ಲ. ಹರಿಯುವ ನೀರು ಆ ಕಸವನ್ನೇ ಎತ್ತಿಕೊಂಡು ಹೋಗುತ್ತದೆ. ಹಾಗಾಗಿ ಈ ಬರಹದಲ್ಲಿ ನೀರಿನ ಮಾತೇ ಹೆಚ್ಚು, ಔಷಧಿಯ ಮಾತು ಕಡಿಮೆ.

ರಸ್ತೆಗೆ ಉಜ್ಜಿ ತರಚಿದ ಮೊಣಕಾಲನ್ನು ಮುಂದಿಟ್ಟುಕೊಂಡು ಹೇಳುತ್ತಾ ಹೋಗುತ್ತೇವೆ. ನೋಡಲು ಸಾಮಾನ್ಯ ಗಾಯ, ಆದರೆ ತೊಳೆಯುವವರಿಗೆ ಅತಿ ಹೆಚ್ಚು ಕೆಲಸ ಕೊಡುವುದೂ ಅದೇ.

ಮೊದಲು ರಕ್ತ ನಿಲ್ಲಬೇಕು. ಮಡಚಿದ ಶುಭ್ರ ಬಟ್ಟೆಯನ್ನೋ ಗಾಯಕ್ಕೆ ಕಟ್ಟುವ ಜಾಳು ಗಾಜ್ ಬಟ್ಟೆಯನ್ನೋ ಇಟ್ಟು ಅಂಗೈಯಿಂದ ಒತ್ತಿ, ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಹಾಗೇ ಹಿಡಿದಿರಬೇಕು. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ "ನಿಂತಿತಾ?" ಎಂದು ಇಣುಕುವುದು. ಆಗಷ್ಟೇ ಕಟ್ಟುತ್ತಿದ್ದ ಹೆಪ್ಪು ಬಟ್ಟೆಯ ಜೊತೆ ಕಿತ್ತು ಬರುತ್ತದೆ, ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಬಟ್ಟೆ ನೆನೆದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದನ್ನು ಇಟ್ಟು ಒತ್ತಬೇಕು. ರಕ್ತ ಮಿಡಿದು ಮಿಡಿದು ಚಿಮ್ಮುತ್ತಿದ್ದರೆ, ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿದರೂ ನಿಲ್ಲದಿದ್ದರೆ, ಗಾಜಿನ ತುಂಡೋ ಕಬ್ಬಿಣದ ಸರಳೋ ಆಳಕ್ಕೆ ನೆಟ್ಟಿದ್ದರೆ ತೊಳೆಯುವ ಮಾತು ಬೇಡ. ನೆಟ್ಟದ್ದನ್ನು ಕೀಳಬಾರದು, ಅದರ ಸುತ್ತ ಬಟ್ಟೆ ಒತ್ತಿಟ್ಟು ಅಲುಗದಂತೆ ಕಟ್ಟಿ ಆಸ್ಪತ್ರೆಗೆ ಹೊರಡಬೇಕು. ಅಪಧಮನಿಗೆ ಅದೇ ಬಿರಡೆಯಾಗಿ ನಿಂತಿರುವ ಸಾಧ್ಯತೆ ಇರುತ್ತದೆ.

ರಕ್ತ ನಿಂತ ಮೇಲೆ ಒಂದು ನಿಮಿಷ ಸುಮ್ಮನೆ ಗಾಯವನ್ನು ನೋಡಬೇಕು. ಅಂಚುಗಳು ಬಾಯ್ತೆರೆದು ನಿಂತಿವೆಯೇ? ತಳದಲ್ಲಿ ಹಳದಿ ಗುಳ್ಳೆಗಳಂತೆ ಕೊಬ್ಬು ಕಾಣುತ್ತಿದೆಯೇ? ಬಿಳಿ ಹೊಳಪಿನ ಹುರಿಯಂಥದ್ದು ಕಂಡರೆ ಅದು ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಅಲ್ಲಿಂದಾಚೆಗೆ ಮನೆಯ ಕೆಲಸ ಮುಗಿಯಿತು. ಕೈಗಾಯವಾದರೆ ಗಾಯದಿಂದ ಆಚೆಗಿನ ಪ್ರತಿ ಬೆರಳನ್ನೂ ಮಡಚಿ ಬಿಚ್ಚಲು ಹೇಳಬೇಕು, ತುದಿಯನ್ನು ಎರಡೂ ಪಕ್ಕ ಮುಟ್ಟಿ ಸ್ಪರ್ಶ ತಿಳಿಯುತ್ತದೆಯೇ ಎಂದು ಕೇಳಬೇಕು. ಮರಗಟ್ಟಿಸುವ ಜೆಲ್ ಹಚ್ಚುವ ಮೊದಲೇ ಇದನ್ನು ಮಾಡಿಕೊಳ್ಳಬೇಕು. ಹಚ್ಚಿದ ಮೇಲೆ ಸ್ಪರ್ಶ ಇಲ್ಲವೆಂದರೆ ನರ ತುಂಡಾಗಿದೆಯೋ ಜೆಲ್ ಕೆಲಸ ಮಾಡಿದೆಯೋ ಹೇಳುವುದು ಕಷ್ಟ. ಬೆರಳಲ್ಲಿ ಉಂಗುರವಿದ್ದರೆ ಆಗಲೇ ತೆಗೆದುಬಿಡಿ. ಎರಡು ಗಂಟೆ ಕಳೆದು ಬೆರಳು ಊದಿಕೊಂಡರೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಗಾಯಾಳುವನ್ನು ಕೂರಿಸಿ, ಸಾಧ್ಯವಾದರೆ ಮಲಗಿಸಿ. ಗಾಯದ ದೆಸೆಯಿಂದ ಬೀಳದವರು ತೊಳೆಯುವಾಗ ತಮ್ಮದೇ ರಕ್ತ ನೋಡಿ ತಲೆಸುತ್ತಿ ಬೀಳುವುದುಂಟು. ಗಟ್ಟಿಮುಟ್ಟಾದ ಆಳುಗಳೇ ಇದರಲ್ಲಿ ಮುಂದು.

ಸಾಮಾನುಗಳನ್ನೆಲ್ಲ ಮೊದಲೇ ಕೈಗೆಟಕುವಂತೆ ಬಿಚ್ಚಿಟ್ಟುಕೊಂಡು ಆಮೇಲೆ ಕೈ ತೊಳೆಯಬೇಕು. ಈ ಕ್ರಮ ತಿರುಗುಮುರುಗಾದರೆ ತೊಳೆದ ಕೈಯಲ್ಲಿ ಡ್ರಾಯರ್ ಎಳೆಯುವುದು, ಪೊಟ್ಟಣ ಹರಿಯುವುದು, ಫೋನಿನ ಟಾರ್ಚ್ ಹಚ್ಚುವುದು ಎಲ್ಲ ಆಗಿ ಕೈ ಮತ್ತೆ ಮೊದಲಿನಂತಾಗುತ್ತದೆ. ಬೇಕಾದದ್ದು ಹೆಚ್ಚೇನಿಲ್ಲ: ನೀರು ಅಥವಾ ಸಲೈನ್ (ಹದವಾದ ಉಪ್ಪುನೀರು), ಸೋಪು, ಗಾಜ್ ಬಟ್ಟೆಯ ತುಂಡುಗಳು, ಚಿಮುಟ, ಸೂಜಿಯಿಲ್ಲದ ಹೊಸ ಸಿರಿಂಜ್, ಅಂಟಿಕೊಳ್ಳದ ಡ್ರೆಸಿಂಗ್, ಟೇಪು, ಒಳ್ಳೆಯ ಬೆಳಕು. ಚಿಮುಟವನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಹಾಕಿ ತೆಗೆಯಬಹುದು, ಅಥವಾ 70 ಶೇಕಡಾ ಸ್ಪಿರಿಟ್‌ನಿಂದ ಒರೆಸಿ ಆರಲು ಬಿಡಬಹುದು. ಕೈಯನ್ನು ಸೋಪು ನೀರಿನಲ್ಲಿ 40ರಿಂದ 60 ಸೆಕೆಂಡು, ಉಗುರಿನ ಸಂದಿ, ಹೆಬ್ಬೆರಳ ಬುಡ ಬಿಡದಂತೆ ತೊಳೆಯಬೇಕು. ಕೈಗವಸು ಇದ್ದರೆ ಅದು ಈ ತೊಳೆತದ ಮೇಲೆ. ತೊಳೆಯುವ ಬದಲಿಗೆ ಕೈಗವಸು ಅನ್ನುವ ಹಾಗಿಲ್ಲ.

ಈಗ ನೀರು. ಕುಡಿಯಲು ಯೋಗ್ಯವಾದ ನಲ್ಲಿ ನೀರು ಸಾಕು. ಆಗಷ್ಟೇ ಆದ ಗಾಯಗಳನ್ನು ಒಂದು ಗುಂಪಿನಲ್ಲಿ ನಲ್ಲಿ ನೀರಿನಿಂದ, ಇನ್ನೊಂದರಲ್ಲಿ ಸ್ಟೆರೈಲ್ ಸಲೈನ್‌ನಿಂದ ತೊಳೆದು ಹೋಲಿಸಿದ ಅಧ್ಯಯನಗಳಲ್ಲಿ ನಲ್ಲಿ ನೀರಿನ ಕಡೆ ಸೋಂಕು ಹೆಚ್ಚಿದ್ದು ಕಂಡಿಲ್ಲ. ನೀರಿನ ಗುಣದ ಬಗ್ಗೆ ಅನುಮಾನವಿದ್ದರೆ ಕುದಿಸಿ ಆರಿಸಿಕೊಳ್ಳಬೇಕು. ಸಲೈನ್ ಮಾಡಿಕೊಳ್ಳುವುದೂ ಸುಲಭ: ಒಂದು ಲೀಟರ್ ನೀರಿಗೆ 9 ಗ್ರಾಂ ಪುಡಿಯುಪ್ಪು, ಅಂದರೆ ಮಟ್ಟಸವಾಗಿ ತೆಗೆದ ಒಂದೂವರೆ ಟೀ ಚಮಚ. ಐದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು, ಮೈಬಿಸಿಯಷ್ಟಕ್ಕೆ ಆರಿಸಬೇಕು. ಉಳಿದದ್ದನ್ನು ಮರುದಿನಕ್ಕೆ ಇಡಬಾರದು. ರಕ್ತದ ಉಪ್ಪಿಗೆ ಹತ್ತಿರವಿರುವುದರಿಂದ ಇದು ಬರೀ ನೀರಿಗಿಂತ ಕಡಿಮೆ ಉರಿಯುತ್ತದೆ, ಅದಕ್ಕಾಗಿಯೇ ಮಕ್ಕಳಿಗೆ ಒಳ್ಳೆಯದು. ಉಪ್ಪು ಹೆಚ್ಚು ಹಾಕಿದರೆ ಹೆಚ್ಚು ಶುದ್ಧವಾಗುತ್ತದೆ ಎಂಬ ಲೆಕ್ಕ ತಪ್ಪು. ಗಾಢ ಉಪ್ಪುನೀರು ಜೀವಕೋಶಗಳ ನೀರನ್ನೇ ಹೀರುತ್ತದೆ, ಉರಿ ಮಾತ್ರ ಹೆಚ್ಚುತ್ತದೆ.

ತರಚಿದ ಮೊಣಕಾಲನ್ನು ಮೆಲ್ಲಗೆ ಹರಿಯುವ ನಲ್ಲಿಯ ಕೆಳಗೆ ಐದರಿಂದ ಹತ್ತು ನಿಮಿಷ ಹಿಡಿಯಬೇಕು. ಮೊದಲ ಅರ್ಧ ನಿಮಿಷ ಉರಿ ಜೋರಾಗಿಯೇ ಇರುತ್ತದೆ, ಆಮೇಲೆ ಇಳಿಯುತ್ತದೆ. ಬಹಳ ಜನ ಆ ಅರ್ಧ ನಿಮಿಷದಲ್ಲೇ ಕಾಲು ಎಳೆದುಕೊಂಡು "ಆಯ್ತು, ತೊಳೆದೆ" ಅನ್ನುತ್ತಾರೆ. ನೀರು ಮೇಲಿನ ಅಂಚಿನಿಂದ ಹರಿದು ಶುಭ್ರ ಚರ್ಮದ ಕಡೆಗಲ್ಲದೆ ಹೊರಕ್ಕೆ ಬೀಳುವಂತೆ ಕಾಲನ್ನು ತಿರುಗಿಸಿಟ್ಟುಕೊಳ್ಳಬೇಕು. ನೀರು ಹರಿಯುತ್ತಿರುವಾಗಲೇ ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಿ ತೊಳೆಯಬಹುದು. ಗಾಯದೊಳಕ್ಕೆ ಸೋಪು ಉಜ್ಜುವ ಅಗತ್ಯವಿಲ್ಲ. ಪ್ರಾಣಿ ಕಚ್ಚಿದ ಗಾಯದ ಸಂಗತಿ ಬೇರೆ, ಅಲ್ಲಿಗೆ ಆಮೇಲೆ ಬರುತ್ತೇವೆ.

ಸೀಳು ಗಾಯಕ್ಕೆ ಬರೀ ನಲ್ಲಿಯ ಧಾರೆ ಸಾಲದೆ ಹೋಗಬಹುದು, ಏಕೆಂದರೆ ಕೊಳೆ ಒಳಗೋಡೆಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಸ್ವಲ್ಪ ಒತ್ತಡ ಬೇಕು. ಆಸ್ಪತ್ರೆಯಲ್ಲಿ 30ರಿಂದ 35 ಮಿಲಿಲೀಟರ್ ಸಿರಿಂಜಿನ ತುದಿಗೆ 18 ಅಥವಾ 19 ಗೇಜಿನ ಪ್ಲಾಸ್ಟಿಕ್ ಕ್ಯಾನುಲಾ, ಅಂದರೆ ಸಣ್ಣ ಕೊಳವೆ, ಸಿಕ್ಕಿಸಿ ಒತ್ತುತ್ತೇವೆ. ಅದರಿಂದ ಚದರ ಇಂಚಿಗೆ ಸುಮಾರು 8 ಪೌಂಡ್ ಒತ್ತಡ ಸಿಗುತ್ತದೆ. ಇದಕ್ಕಿಂತ ಬಹಳ ಕಡಿಮೆಯಾದರೆ ಕೊಳೆ ಅಲುಗುವುದಿಲ್ಲ, ಬಹಳ ಹೆಚ್ಚಾದರೆ ನೀರು ಕೊಳೆಯ ಸಮೇತ ಮಾಂಸದೊಳಕ್ಕೆ ನುಗ್ಗುತ್ತದೆ. ಪ್ರಮಾಣದ ಲೆಕ್ಕ, ಗಾಯದ ಉದ್ದದ ಪ್ರತಿ ಸೆಂಟಿಮೀಟರಿಗೆ 50ರಿಂದ 100 ಮಿಲಿಲೀಟರ್. ನಾಲ್ಕು ಸೆಂಟಿಮೀಟರಿನ ಸೀಳಿಗೆ 200ರಿಂದ 400 ಮಿಲಿಲೀಟರ್ ಎಂದಾಯಿತು, ಅಂದರೆ 30ರ ಸಿರಿಂಜನ್ನು ಏಳರಿಂದ ಹದಿಮೂರು ಸಲ ತುಂಬಿ ಖಾಲಿ ಮಾಡಬೇಕು. ಮೂರನೇ ಸಲಕ್ಕೆ ಹೆಬ್ಬೆರಳು ಸೋಲುತ್ತದೆ, ಗಾಯವೂ ನೋಡಲು ಶುಭ್ರವಾಗಿಯೇ ಕಾಣುತ್ತದೆ, ಅಲ್ಲಿಗೆ ನಿಲ್ಲಿಸುವ ಆಸೆಯಾಗುತ್ತದೆ. ನಿಲ್ಲಿಸಬಾರದು. ಕಣ್ಣಿಗೆ ಕಾಣದ ಪಾಲು ಹೋಗುವುದು ಉಳಿದ ಸಿರಿಂಜುಗಳಲ್ಲಿ. ಮನೆಯಲ್ಲಿ ಸೂಜಿಯಿಲ್ಲದ ಸಿರಿಂಜನ್ನು ಗಾಯದಿಂದ ಮೂರ್ನಾಲ್ಕು ಸೆಂಟಿಮೀಟರ್ ದೂರದಲ್ಲಿ ಓರೆಯಾಗಿ ಹಿಡಿದು ಒತ್ತಿದರೆ ಸಣ್ಣ ಸೀಳಿಗೆ ಸಾಕಾಗುತ್ತದೆ. ನೀರು ಮುಖಕ್ಕೆ ಸಿಡಿಯುತ್ತದೆ, ಬೇರೆಯವರ ಗಾಯ ತೊಳೆಯುವವರು ಕನ್ನಡಕ ಹಾಕಿಕೊಳ್ಳುವುದು ವಾಸಿ.

ಮೊಳೆ, ಮುಳ್ಳು ಚುಚ್ಚಿದ ತೂತಿನೊಳಕ್ಕೆ ಮಾತ್ರ ಸಿರಿಂಜಿನ ತುದಿ ತೂರಿಸಿ ನೀರು ನುಗ್ಗಿಸಬಾರದು. ಹೊರಬರಲು ದಾರಿಯಿಲ್ಲದ ನೀರು ಕ್ರಿಮಿಗಳನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ.

ಈಗ ಮೊಣಕಾಲಿಗೆ ವಾಪಸು ಬರೋಣ. ನೀರು ನಿಲ್ಲಿಸಿ, ಪಕ್ಕದಿಂದ ಬೆಳಕು ಬೀಳುವಂತೆ ಹಿಡಿದು ನೋಡಿದರೆ ಕೆಂಪು ಚರ್ಮದಲ್ಲಿ ಅಲ್ಲಲ್ಲಿ ಕರಿ ಚುಕ್ಕಿಗಳು ಕಾಣುತ್ತವೆ. ಕೆಲವು ಮೇಲೇ ಕೂತ ಮರಳು, ನೆನೆಸಿದ ಗಾಜ್ ಮುಟ್ಟಿದರೆ ಬರುತ್ತವೆ. ಕೆಲವು ಒಳಚರ್ಮದಲ್ಲಿ ಕಚ್ಚಿಕೊಂಡ ಜಲ್ಲಿಯ ಪುಡಿ, ಟಾರು. ಇವನ್ನು ಬಿಟ್ಟರೆ ಎರಡು ತೊಂದರೆ: ನಂಜಿನ ಭಯ ಒಂದು, ಮಾಗಿದ ಮೇಲೆ ಚರ್ಮದಡಿ ಹಚ್ಚೆಯಂತೆ ನೀಲಿಗಪ್ಪು ಕಲೆ ಶಾಶ್ವತವಾಗಿ ಉಳಿಯುವುದು ಇನ್ನೊಂದು. ಗಾಯವಾದ ದಿನವೇ ತೆಗೆದರೆ ಸುಲಭ. ಒಂದೆರಡು ದಿನ ಕಳೆದರೆ ಚರ್ಮ ಅವುಗಳ ಮೇಲೆ ಬೆಳೆದು ಮುಚ್ಚಲು ಶುರುಮಾಡುತ್ತದೆ, ಆಮೇಲೆ ತೆಗೆಯುವುದು ಚರ್ಮವೈದ್ಯರ ಕೆಲಸ.

ತೆಗೆಯುವ ಕ್ರಮ ಹೀಗೆ. ಗಾಜ್ ಬಟ್ಟೆಯ ತುಂಡನ್ನು ಸಲೈನ್‌ನಲ್ಲಿ ತೊಯ್ಸಿ, ಗಾಯದ ನಡುವಿನಿಂದ ಅಂಚಿನ ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆಯಬೇಕು. ಹಿಂದೆ ಮುಂದೆ ಉಜ್ಜಬಾರದು. ಎರಡು ಮೂರು ಎಳೆತಕ್ಕೊಮ್ಮೆ ಹೊಸ ತುಂಡು ತೆಗೆದುಕೊಳ್ಳಬೇಕು, ಇಲ್ಲವಾದರೆ ತೆಗೆದ ಮರಳನ್ನೇ ಮತ್ತೆ ಒಳಕ್ಕೆ ತಿಕ್ಕಿದಂತಾಗುತ್ತದೆ. ಹತ್ತಿ ಬೇಡವೇ ಬೇಡ. ಅದರ ಎಳೆಗಳು ಹಸಿ ಗಾಯಕ್ಕೆ ಅಂಟಿಕೊಂಡು ಉಳಿಯುತ್ತವೆ, ಆ ಎಳೆಗಳೇ ಮುಂದೆ ಕಸವಾಗುತ್ತವೆ. ಗಾಜ್ ಬಟ್ಟೆಗೆ ಬಾರದ ಕಣವನ್ನು ಚಿಮುಟದಿಂದ ಅದು ಹೊಕ್ಕ ದಿಕ್ಕಿನಲ್ಲೇ ಹಿಂದಕ್ಕೆ ಎಳೆಯಬೇಕು. ಸೂಜಿ ಮೊನೆಯಷ್ಟು ರಕ್ತ ಅಲ್ಲಲ್ಲಿ ಜಿನುಗಿದರೆ ಒಳ್ಳೆಯದೇ, ಅಲ್ಲಿ ಜೀವಂತ ಚರ್ಮವಿದೆ ಎಂದರ್ಥ. ಧಾರೆಯಾಗಿ ಹರಿಯತೊಡಗಿದರೆ ಉಜ್ಜಿದ್ದು ಹೆಚ್ಚಾಯಿತು. ದೊಡ್ಡ ತರಚುಗಾಯ, ಅದರಲ್ಲೂ ಮಕ್ಕಳದ್ದಾದರೆ, ಆಸ್ಪತ್ರೆಯಲ್ಲಿ ಮರಗಟ್ಟಿಸುವ ಲಿಡೊಕೇನ್ ಜೆಲ್ ಹಚ್ಚಿ ಕಾಯ್ದು ಆಮೇಲೆ ಉಜ್ಜುತ್ತೇವೆ. ಜೆಲ್ಲಿಗೂ ಮಿತಿಯಿದೆ. ತರಚಿದ ಅಗಲ ಜಾಗದಿಂದ ಔಷಧಿ ನೇರ ರಕ್ತಕ್ಕೆ ಸೇರುವುದರಿಂದ ತೂಕಕ್ಕೆ ತಕ್ಕ ಲೆಕ್ಕ ಹಾಕಬೇಕಾಗುತ್ತದೆ. ಮನೆಯಲ್ಲಿ ಕೈಗೆ ಬಂದಷ್ಟು ಹಚ್ಚುವ ವಸ್ತುವಲ್ಲ ಅದು.

ಚರ್ಮ ಸುಲಿದು ಒಂದು ಬದಿಯಲ್ಲಿ ಇನ್ನೂ ಅಂಟಿಕೊಂಡು ನೇತಾಡುತ್ತಿದ್ದರೆ ಅದನ್ನು ಕತ್ತರಿಸಿ ಬಿಸಾಡುವ ಆತುರ ಬೇಡ. ಅದನ್ನು ಎತ್ತಿ ಅಡಿಯಲ್ಲಿ ತೊಳೆದು, ಒದ್ದೆ ಗಾಜ್ ಬಟ್ಟೆಯಿಂದ ಮೆಲ್ಲಗೆ ಮೊದಲಿದ್ದ ಜಾಗಕ್ಕೇ ಹರಡಿದರೆ ಗಾಯಕ್ಕೆ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ವಯಸ್ಸಾದವರ ತೆಳು ಚರ್ಮದಲ್ಲಿ ಇದು ಪದೇಪದೇ ಆಗುವಂಥದ್ದು.

ಇಷ್ಟೆಲ್ಲ ಆದ ಮೇಲೆ ಬಾಟಲಿಯ ಸರದಿ. ಔಷಧಿಯಿಂದಲೇ ಗಾಯ ಶುದ್ಧವಾಗುತ್ತದೆ ಎಂಬ ನಂಬಿಕೆ ಬಂದದ್ದು ಬರಿದೇ ಅಲ್ಲ. 1865ರಲ್ಲಿ ಗ್ಲಾಸ್ಗೋದಲ್ಲಿ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಮೂಳೆ ಮುರಿದು ಚರ್ಮ ಹರಿದ ಕಾಲಿಗೆ ಕಾರ್ಬಾಲಿಕ್ ಆಮ್ಲದಲ್ಲಿ ತೊಯ್ಸಿದ ಪಟ್ಟಿ ಕಟ್ಟಿ ನಂಜು ತಡೆದದ್ದು ಶಸ್ತ್ರಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಆದರೆ ಮೊದಲ ಮಹಾಯುದ್ಧದ ಸೈನಿಕರ ಗಾಯಗಳನ್ನು ಪರೀಕ್ಷಿಸಿದ ಅಲೆಕ್ಸಾಂಡರ್ ಫ್ಲೆಮಿಂಗ್‌ಗೆ ಕಂಡದ್ದು ಬೇರೆ: ಸಂದುಗೊಂದುಗಳಿರುವ ಆಳದ ಗಾಯದಲ್ಲಿ ಔಷಧಿ ಮೂಲೆಯ ಕ್ರಿಮಿಗಳನ್ನು ತಲುಪುವುದಿಲ್ಲ, ಕ್ರಿಮಿಗಳೊಡನೆ ಹೋರಾಡುವ ಬಿಳಿ ರಕ್ತಕಣಗಳನ್ನು ಮಾತ್ರ ಕೊಲ್ಲುತ್ತದೆ. ಅವರೇ ಪೆನಿಸಿಲಿನ್ ಕಂಡುಹಿಡಿಯುವುದಕ್ಕೂ ಹತ್ತು ವರ್ಷಕ್ಕೂ ಹಿಂದಿನ ಮಾತಿದು. ಕ್ರಿಮಿಯನ್ನು ಕೊಲ್ಲುವಷ್ಟು ಕಟುವಾದದ್ದು ಗಾಯ ಮಾಗಿಸುವ ಕೋಶವನ್ನೂ ಕೊಲ್ಲಬಲ್ಲದು ಎಂಬ ಲೆಕ್ಕ ಇಂದಿಗೂ ಬದಲಾಗಿಲ್ಲ. ಆದ್ದರಿಂದ ಚೆನ್ನಾಗಿ ತೊಳೆದ ಸಣ್ಣ ಗಾಯಕ್ಕೆ ಸೋಂಕುನಿವಾರಕವೇ ಬೇಕಿಲ್ಲ. ಮಣ್ಣು, ಸಗಣಿ, ಕೊಳಚೆ ನೀರು ತಾಗಿದ ಗಾಯಕ್ಕೆ, ಕಚ್ಚಿದ ಗಾಯಕ್ಕೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಬೇಕು.

ಮನೆಗಳಲ್ಲಿ ಹೆಚ್ಚಾಗಿ ಕಾಣುವ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಶುರುಮಾಡೋಣ. 3 ಶೇಕಡಾ ದ್ರಾವಣ ಸುರಿದೊಡನೆ ಬುಸ್ಸೆಂದು ನೊರೆ ಏಳುತ್ತದೆ, ಜನಕ್ಕೆ ಸಮಾಧಾನವಾಗುತ್ತದೆ. ಆ ನೊರೆ ಕ್ರಿಮಿ ಸಾಯುತ್ತಿರುವ ಗುರುತಲ್ಲ. ನಮ್ಮದೇ ರಕ್ತ ಮತ್ತು ಮಾಂಸದಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ನೀರು, ಆಮ್ಲಜನಕವಾಗಿ ಒಡೆಯುವುದರಿಂದ ಏಳುವ ಗುಳ್ಳೆಗಳವು. ಅಂದರೆ ಔಷಧಿ ಕೆಲಸ ಮಾಡುವ ಮೊದಲೇ ಬಹುಪಾಲು ಖರ್ಚಾಗುತ್ತಿದೆ. ಹೊಸ ಚರ್ಮ ನೇಯುವ ಕೋಶಗಳಿಗೆ ಹಾನಿ ಬೇರೆ. ಕಿರಿದಾದ ಆಳದ ಗಾಯದೊಳಕ್ಕೆ ಒತ್ತಿ ಹಾಕಿದರೆ ಆಮ್ಲಜನಕದ ಗುಳ್ಳೆ ರಕ್ತನಾಳ ಸೇರಿ ಜೀವಕ್ಕೇ ಅಪಾಯವಾದದ್ದುಂಟು. ಬಟ್ಟೆಯ ಮೇಲಿನ ರಕ್ತದ ಕಲೆ ತೆಗೆಯಲು ಬಹಳ ಒಳ್ಳೆಯದು, ಅಲ್ಲಿಗೇ ಬಳಸಿ.

ಸ್ಪಿರಿಟ್ ಗಾಯದೊಳಕ್ಕೆ ಬೇಡ, ಸುತ್ತಲಿನ ಹರಿಯದ ಚರ್ಮಕ್ಕೆ ಮಾತ್ರ. ತೆರೆದ ಮಾಂಸಕ್ಕೆ ತಾಗಿದರೆ ಅಲ್ಲಿನ ಪ್ರೋಟೀನು ಗರಣೆಗಟ್ಟಿ, ಅದರಡಿಯಲ್ಲಿ ಕ್ರಿಮಿ ಸುಖವಾಗಿರುತ್ತದೆ. ಇಲ್ಲಿ ಒಂದು ಮಾತು: 95 ಶೇಕಡಾ ಸ್ಪಿರಿಟ್ 70 ಶೇಕಡಾದ್ದಕ್ಕಿಂತ ಬಲವಾದದ್ದಲ್ಲ. ಪ್ರೋಟೀನನ್ನು ಕೆಡಿಸಲು ನೀರೂ ಬೇಕು, ಜೊತೆಗೆ ಗಾಢವಾದದ್ದು ಬೇಗ ಆರಿಹೋಗುತ್ತದೆ. ಧನುರ್ವಾಯು ತರುವ ಕ್ರಿಮಿಯ ಬೀಜಾಣುಗಳನ್ನಂತೂ ಯಾವ ಸ್ಪಿರಿಟ್ಟೂ ಕೊಲ್ಲುವುದಿಲ್ಲ.

ಪೊವಿಡೋನ್ ಅಯೋಡಿನ್ ನಮ್ಮ ಮಟ್ಟಿಗೆ ಮನೆಯಲ್ಲಿರಬೇಕಾದ ಒಂದೇ ಬಾಟಲಿ. ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರ ಮೂರರ ಮೇಲೂ ಕೆಲಸ ಮಾಡುತ್ತದೆ. ಕೊಳ್ಳುವಾಗ ಲೇಬಲ್ ನೋಡಬೇಕು. 10 ಶೇಕಡಾ 'ಸೊಲ್ಯೂಷನ್' ಎಂದಿರುವುದು ಗಾಯಕ್ಕೆ, 7.5 ಶೇಕಡಾ 'ಸ್ಕ್ರಬ್' ಎಂದಿರುವುದರಲ್ಲಿ ಸೋಪಿನಂಶವಿದೆ, ಅದು ಕೈ ತೊಳೆಯಲು ಮತ್ತು ಹರಿಯದ ಚರ್ಮಕ್ಕೆ. ತೆರೆದ ಗಾಯ ತೊಳೆಯಲು 10 ಶೇಕಡಾ ಸೊಲ್ಯೂಷನ್ ಒಂದು ಪಾಲಿಗೆ ಒಂಬತ್ತು ಪಾಲು ಕುದಿಸಿ ಆರಿಸಿದ ನೀರು ಅಥವಾ ಸಲೈನ್ ಬೆರೆಸಿದರೆ 1 ಶೇಕಡಾ ಆಗುತ್ತದೆ: 10 ಮಿಲಿಲೀಟರ್ ಔಷಧಿ, 90 ಮಿಲಿಲೀಟರ್ ನೀರು. ಆಗಾಗಲೇ ಬೆರೆಸಿ ಬಳಸಿ, ಉಳಿದದ್ದು ಚೆಲ್ಲಬೇಕು. ತೆಳು ಮಾಡಿದರೆ ಶಕ್ತಿ ಹೋಗುತ್ತದೆ ಎಂದು ಹೆದರಬೇಕಿಲ್ಲ. ಪೊವಿಡೋನ್ ತನ್ನೊಳಗೆ ಹಿಡಿದಿಟ್ಟ ಅಯೋಡಿನ್ ನೀರು ಸೇರಿದಾಗಲೇ ಹೆಚ್ಚು ಬಿಡುಗಡೆಯಾಗುತ್ತದೆ. ಹಚ್ಚಿ ಕನಿಷ್ಠ ಎರಡು ನಿಮಿಷ ಬಿಡಬೇಕು. ಹಚ್ಚಿದ ಕೂಡಲೇ ಒರೆಸಿಬಿಡುವುದು ಬರೀ ಬಣ್ಣ ಬಳಿದಂತೆ. ರಕ್ತ, ಕೀವು, ಮಣ್ಣು ಇದ್ದಲ್ಲಿ ಅಯೋಡಿನ್ ಅವುಗಳ ಜೊತೆಗೇ ಸೇರಿ ನಿಷ್ಕ್ರಿಯವಾಗುತ್ತದೆ. ಕಂದು ಬಣ್ಣ ಮಾಸಿದರೆ ಔಷಧಿ ಮುಗಿದಿದೆ ಎಂದು ತಿಳಿಯಬಹುದು. ಥೈರಾಯಿಡ್ ತೊಂದರೆ ಇರುವವರು, ಗರ್ಭಿಣಿಯರು, ಎದೆಹಾಲೂಡಿಸುವವರು ಅಗಲ ಜಾಗಕ್ಕೆ ದಿನವೂ ಹಚ್ಚಬಾರದು, ನವಜಾತ ಶಿಶುಗಳಿಗೆ ವೈದ್ಯರನ್ನು ಕೇಳದೆ ಹಚ್ಚಲೇಬಾರದು. ಅಯೋಡಿನ್ ಚರ್ಮದ ಮೂಲಕ ಒಳಸೇರುತ್ತದೆ.

ಕ್ಲೋರ್‌ಹೆಕ್ಸಿಡೀನ್‌ನಲ್ಲಿ ಗಾಯ ತೊಳೆಯುವುದಾದರೆ 0.05 ಶೇಕಡಾ. ಚರ್ಮಕ್ಕೆಂದು ಬರುವ 2, 4 ಶೇಕಡಾದವನ್ನು ಗಾಯಕ್ಕೆ ಸುರಿಯುವಂತಿಲ್ಲ. ಕಣ್ಣಿಗೆ ತಾಗಿದರೆ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ) ಹಾಳು, ಕಿವಿತಮಟೆ ಹರಿದಿದ್ದರೆ ಒಳಗಿವಿಗೆ ಹಾನಿ, ಆದ್ದರಿಂದ ಮುಖದ ಗಾಯಕ್ಕೆ ಇದನ್ನು ದೂರವಿಡಬೇಕು. ಸಾಮಾನ್ಯ ಸೋಪಿನ ಅಂಶ ಉಳಿದಿದ್ದರೆ ಇದು ಕೆಲಸ ಮಾಡುವುದಿಲ್ಲ, ಮಧ್ಯೆ ಚೆನ್ನಾಗಿ ನೀರು ಹರಿಸಬೇಕು. ಸೆಟ್ರಿಮೈಡ್, ಕ್ಲೋರೊಕ್ಸಿಲೆನಾಲ್ ಇರುವ ಮನೆಬಳಕೆಯ ದ್ರವಗಳನ್ನು ಲೇಬಲ್ಲಿನಲ್ಲಿ ಹೇಳಿದಷ್ಟು ನೀರು ಬೆರೆಸದೆ ಹಚ್ಚಿ, ಮೇಲೆ ಪಟ್ಟಿ ಬಿಗಿದರೆ ಚರ್ಮ ಸುಟ್ಟು ಗುಳ್ಳೆಯೇಳುತ್ತದೆ. ಸಣ್ಣ ಗೀರಿಗೆ ಬಂದವರಲ್ಲಿ ಗೀರಿಗಿಂತ ದೊಡ್ಡ ಸುಟ್ಟಗಾಯ ಕಾಣುವುದು ಇದರಿಂದಲೇ. ಎರಡು ಬಾಟಲಿ ಒಟ್ಟಿಗೆ ಬೆರೆಸುವುದಂತೂ ಯಾವ ಕಾರಣಕ್ಕೂ ಬೇಡ.

ಸುತ್ತಲಿನ ಚರ್ಮವನ್ನು ಒಣ ಗಾಜ್ ಬಟ್ಟೆಯಿಂದ ಒತ್ತಿ ಒರೆಸಿ, ಗಾಯವನ್ನು ತೇವವಾಗಿಯೇ ಬಿಡಬೇಕು. "ಗಾಳಿಗೆ ಬಿಡು, ಒಣಗಲಿ" ಎನ್ನುವ ಮಾತು ಎಲ್ಲೆಲ್ಲೂ ಇದೆ. 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಚರ್ಮದ ಮೇಲೆ ನಡೆಸಿದ ಪ್ರಯೋಗದಲ್ಲಿ, ತೇವ ಆರದಂತೆ ಪೊರೆ ಮುಚ್ಚಿದ ಗಾಯ ತೆರೆದು ಬಿಟ್ಟದ್ದಕ್ಕಿಂತ ಸುಮಾರು ಎರಡು ಪಟ್ಟು ಬೇಗ ಹೊಸ ಚರ್ಮ ಕಟ್ಟಿತು. ಕಾರಣ ಸರಳ. ಹೊಸ ಚರ್ಮದ ಕೋಶಗಳು ಅಂಚಿನಿಂದ ನಡುವಿಗೆ ತೆವಳಿಕೊಂಡು ಬರುತ್ತವೆ. ಮೇಲೆ ಗಟ್ಟಿ ಹಕ್ಕಳೆ ಇದ್ದರೆ ಅದರಡಿಗೆ ಇಳಿದು ದಾರಿ ಮಾಡಿಕೊಳ್ಳಬೇಕು, ತೇವವಿದ್ದರೆ ನೇರ ಸರಿಯುತ್ತವೆ. ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ, ಅಂಟಿಕೊಳ್ಳದ ಡ್ರೆಸಿಂಗ್ ಇಟ್ಟು, ಟೇಪು ಹಾಕಿದರೆ ಸಾಕು. ಜೆಲ್ಲಿ ಟ್ಯೂಬಿನದಾಗಿರಲಿ, ಎಲ್ಲರೂ ಬೆರಳದ್ದಿದ ಡಬ್ಬಿಯದು ಬೇಡ. ಶುಭ್ರ ಗಾಯಕ್ಕೆ ಆಂಟಿಬಯಾಟಿಕ್ ಮುಲಾಮಿನಿಂದ ಇದಕ್ಕಿಂತ ಹೆಚ್ಚಿನ ಲಾಭ ಸಿಗುವುದು ಅಪರೂಪ. ನಿಯೋಮೈಸಿನ್ ಇರುವ ಮುಲಾಮು ಕೆಲವರಿಗೆ ಅಲರ್ಜಿಯಾಗಿ ಸುತ್ತ ಕೆಂಪಗಾಗಿ ತುರಿಸುತ್ತದೆ, ಅದನ್ನು ನಂಜೆಂದು ತಿಳಿದು ಅದೇ ಮುಲಾಮನ್ನು ಇನ್ನೂ ದಪ್ಪಗೆ ಹಚ್ಚುತ್ತಾರೆ. ಪುಡಿಗಳು, ಅವು ಯಾವುದೇ ಇರಲಿ, ರಸಿಕೆ ಹೀರಿ ಗಟ್ಟಿ ಪದರವಾಗಿ ಕೂರುತ್ತವೆ. ಒಳಗೆ ಕೀವು ತುಂಬಿದರೂ ಹೊರಗೆ ಕಾಣುವುದಿಲ್ಲ, ಮರುದಿನ ಕೆರೆದು ತೆಗೆಯುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಬೆರಳಿಗೆ ಟೇಪನ್ನು ಪೂರ್ತಿ ಸುತ್ತಿ ಬಿಗಿಯಬಾರದು, ಊತ ಬಂದಾಗ ಅದೇ ಉರುಳಾಗುತ್ತದೆ. ಓರೆಯಾಗಿ ಸುತ್ತಬೇಕು.

ಕಚ್ಚಿದ ಗಾಯದ ಮಾತು ಬಾಕಿಯಿದೆ. ನಾಯಿ, ಬೆಕ್ಕು, ಕೋತಿ, ಬಾವಲಿ ಯಾವುದೇ ಕಚ್ಚಲಿ, ಪರಚಲಿ, ಹರಿದ ಚರ್ಮವನ್ನು ನೆಕ್ಕಲಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು. ಇಲ್ಲಿ ಗಾಯದೊಳಕ್ಕೂ ಸೋಪು ಬೇಕು. ರೇಬೀಸ್ ವೈರಸ್ಸಿನ ಹೊರಗವಚ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ಹದಿನೈದು ನಿಮಿಷ ಎಂದರೆ ಎಷ್ಟು ದೀರ್ಘವೆಂಬುದು ಗಡಿಯಾರ ಇಟ್ಟುಕೊಂಡು ನಿಂತಾಗಲೇ ತಿಳಿಯುವುದು, ಬಹುಪಾಲು ಜನ ಎರಡು ನಿಮಿಷಕ್ಕೆ ಮುಗಿಸಿರುತ್ತಾರೆ. ಆಮೇಲೆ ಪೊವಿಡೋನ್ ಅಯೋಡಿನ್. ತೊಳೆದದ್ದು ಲಸಿಕೆಗೆ ಬದಲಿಯಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲೋಬ್ಯುಲಿನ್ (ರೋಗದ ವಿರುದ್ಧದ ಸಿದ್ಧ ಪ್ರತಿಕಾಯ) ಚುಚ್ಚಬೇಕಾಗುತ್ತದೆ. ಇಂಥ ಗಾಯವನ್ನು ಸಾಧ್ಯವಾದಷ್ಟೂ ಹೊಲಿಯುವುದಿಲ್ಲ, ಬಿಗಿದು ಕಟ್ಟುವುದೂ ಇಲ್ಲ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿಯುವುದರಿಂದ ಹೊರಗೆ ಚುಕ್ಕಿ ಮಾತ್ರ ಕಂಡರೂ ಒಂದೇ ದಿನದಲ್ಲಿ ಕೈ ಊದಿಕೊಳ್ಳಬಹುದು. ಜಗಳದಲ್ಲಿ ಇನ್ನೊಬ್ಬರ ಹಲ್ಲಿಗೆ ಗುದ್ದಿ ಬೆರಳ ಗೆಣ್ಣಿನ ಮೇಲೆ ಆದ ಸಣ್ಣ ಗಾಯವೂ ಇದೇ ಸಾಲಿಗೆ ಸೇರಿದ್ದು. ಮುಷ್ಟಿ ಬಿಚ್ಚಿದೊಡನೆ ಒಳಗಿನ ಗಾಯ ಸರಿದು ಮುಚ್ಚಿಕೊಳ್ಳುತ್ತದೆ, ಬಾಯಿಯ ಕ್ರಿಮಿಗಳು ಕೀಲಿನೊಳಗೇ ಉಳಿಯುತ್ತವೆ. ಕಾರಣ ಹೇಳಲು ನಾಚಿ ತಡಮಾಡುವವರೇ ಹೆಚ್ಚು.

ಧನುರ್ವಾಯು ಲಸಿಕೆಯ ಸಾಮಾನ್ಯ ಲೆಕ್ಕ: ಮೂಲ ಮೂರು ಡೋಸುಗಳು ಪೂರ್ತಿಯಾಗಿರುವವರಿಗೆ, ಶುಭ್ರವಾದ ಸಣ್ಣ ಗಾಯವಾದರೆ ಕೊನೆಯ ಡೋಸಿಗೆ 10 ವರ್ಷ ತುಂಬಿದ್ದರೆ ಮತ್ತೊಂದು ಬೇಕು. ಮಣ್ಣು ಮೆತ್ತಿದ, ಚುಚ್ಚಿದ, ಜಜ್ಜಿದ ಗಾಯವಾದರೆ 5 ವರ್ಷಕ್ಕೇ ಬೇಕು. ಲಸಿಕೆಯ ಲೆಕ್ಕವೇ ಗೊತ್ತಿಲ್ಲದವರಿಗೆ ಕೊಳೆಗಾಯವಾದರೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಕೊಡುತ್ತಾರೆ. ತುಕ್ಕಿಗೂ ಈ ರೋಗಕ್ಕೂ ಸಂಬಂಧವಿಲ್ಲ. ಬೀಜಾಣು ಇರುವುದು ಮಣ್ಣಿನಲ್ಲಿ, ಹೊಳೆಯುವ ಹೊಸ ಮೊಳೆಗೂ ಮಣ್ಣು ಹತ್ತಿರಬಹುದು.

ಡ್ರೆಸಿಂಗನ್ನು ದಿನಕ್ಕೊಮ್ಮೆ, ಒದ್ದೆಯಾದರೆ ಕೂಡಲೇ, ಬದಲಿಸಬೇಕು. ಅಂಟಿಕೊಂಡಿದ್ದರೆ ಎಳೆಯಬೇಡಿ, ಸಲೈನ್ ಸುರಿದು ಐದು ನಿಮಿಷ ನೆನೆಯಲು ಬಿಟ್ಟರೆ ತಾನೇ ಬಿಡುತ್ತದೆ. ಜಗ್ಗಿ ಕಿತ್ತರೆ ಮೂರು ದಿನ ಬೆಳೆದ ಚರ್ಮ ಮೂರು ಸೆಕೆಂಡಿನಲ್ಲಿ ಹೋಯಿತು. ಮೊದಲ ಎರಡು ದಿನ ತಿಳಿಹಳದಿ ನೀರು ಒಸರುವುದು, ಅಂಚಿನಲ್ಲಿ ಎರಡು ಮೂರು ಮಿಲಿಮೀಟರ್ ಕೆಂಪು, ಮುಟ್ಟಿದರೆ ನೋವು ಎಲ್ಲ ಸಹಜ. ತಳದಲ್ಲಿ ಅಂಟಿಕೊಂಡ ಹಳದಿ ಪೊರೆಯನ್ನು ಕೀವೆಂದು ತಿಳಿದು ಉಜ್ಜಿ ತೆಗೆಯುವವರಿದ್ದಾರೆ. ಅದು ಬಹುಮಟ್ಟಿಗೆ ಫೈಬ್ರಿನ್ ಎಂಬ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನು, ತೊಳೆದಂತೆ ತಾನೇ ಕರಗುತ್ತದೆ.

ನಂಜಿನ ಲಕ್ಷಣ ಸಾಮಾನ್ಯವಾಗಿ ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಮುಖ ತೋರಿಸುತ್ತದೆ. ಇಳಿಯಬೇಕಾದ ನೋವು ಏರುತ್ತದೆ, ಮಿಡಿಯುತ್ತದೆ, ಕೆಂಪು ಹರಡುತ್ತದೆ, ದಪ್ಪ ಕೀವು, ದುರ್ವಾಸನೆ ಬರುತ್ತದೆ. ಕೆಂಪಿನ ಗಡಿಗೆ ಪೆನ್ನಿನಲ್ಲಿ ಗೆರೆ ಎಳೆದು ಸಮಯ ಬರೆದಿಡಿ. ಕೆಲವು ಗಂಟೆಗಳಲ್ಲಿ ಗೆರೆ ದಾಟಿದರೆ ವೈದ್ಯರಿಗೆ ತೋರಿಸಲು ಅದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಕಪ್ಪು ಚರ್ಮದಲ್ಲಿ ಕೆಂಪು ಕಾಣದೆ ನೇರಳೆಯೋ ಗಾಢ ಕಂದೋ ಆಗಿ ಕಾಣುತ್ತದೆ, ಅಲ್ಲಿ ಕಣ್ಣಿಗಿಂತ ಅಂಗೈಯ ಹಿಂಬದಿ ನಂಬಿಕಸ್ಥ: ಗಾಯದ ಸುತ್ತ ಮತ್ತು ಇನ್ನೊಂದು ಕಾಲಿನ ಅದೇ ಜಾಗ ಮುಟ್ಟಿ ಬಿಸಿ ಹೋಲಿಸಬೇಕು. ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಏರಿದರೆ, ಜ್ವರ ನಡುಕ ಬಂದರೆ, ಗಾಯ ನೋಡಲು ಸಣ್ಣದಿದ್ದೂ ನೋವು ತಡೆಯಲಾರದಷ್ಟಿದ್ದರೆ ಬೆಳಗಾಗಲಿ ಎಂದು ಕಾಯಬಾರದು.

ಎಲ್ಲ ಸರಿಯಿದ್ದರೆ ತರಚಿದ ಮೊಣಕಾಲು ಎರಡು ವಾರದೊಳಗೆ ಒಣ ಗುಲಾಬಿ ಚರ್ಮ ಹೊದೆಯುತ್ತದೆ. ಒದ್ದೆ ಜಾಗ ಉಳಿಯದಿದ್ದರೆ ಡ್ರೆಸಿಂಗ್ ನಿಲ್ಲಿಸಬಹುದು. ಎರಡು ವಾರವಾದರೂ ಅಳತೆ ಕುಗ್ಗದಿದ್ದರೆ ಮುಲಾಮು ಬದಲಿಸುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ರಕ್ತದ ಸಕ್ಕರೆ ನೋಡಿಸಬೇಕು, ಪಾದದ ಗಾಯವಾದರೆ ರಕ್ತಸಂಚಾರವನ್ನೂ ನೋಡಿಸಬೇಕು. ಮಾಗಿದಂತೆ ಮುಚ್ಚಿಕೊಂಡು ಮತ್ತೆ ಮತ್ತೆ ಒಂದೇ ಬಿಂದುವಿನಲ್ಲಿ ಒಸರುವ ಗಾಯದೊಳಗೆ ಬಹುಶಃ ಏನೋ ಉಳಿದಿದೆ. ಗಾಜು, ಲೋಹ, ಕಲ್ಲು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುತ್ತವೆ. ಮರದ ಸಿಬಿರು, ಮುಳ್ಳು, ಪ್ಲಾಸ್ಟಿಕ್ ಹೆಚ್ಚಾಗಿ ಕಾಣುವುದಿಲ್ಲ. ಎಕ್ಸ್‌ರೇ ಸ್ವಚ್ಛವಾಗಿದೆ ಎಂದರೂ, ಚುಚ್ಚಿದ್ದು ಮುಳ್ಳು ಎಂದು ನೆನಪಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಬೇಕು.